ತಲೆಯಡಿಯ ಸೀರೆ

ಬೆಟ್ಟಯ್ಯ ಔಷಧಿ ಕುಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ಯಾಕೆಂದರೆ ಮುಡುಕುತೊರೆ ಕಡೆ ಇವತ್ತಿಗೂ ಯಾರನ್ನಾದರೂ ಕೇಳಿ ನೋಡಿ, "ಓ, ಔಷ್ದಿ ಕುಡ್ದು ಬದುಕ್ಕೊಂಡ್ನಲ್ಲ, ಆ ಬೆಟ್ಟಯ್ಯನಾ" ಅನ್ನುತ್ತಾರೆ. ಕುಡಿದವನಲ್ಲ ಅವನು, ಹೊಡೆದವನು. ಚಿಕ್ಕಬಸಪ್ಪನವರ ಭತ್ತಕ್ಕೆ ಬೆನ್ನ ಮೇಲೆ ಟ್ಯಾಂಕು ಹೊತ್ತು ಔಷಧಿ ಹೊಡೆದವನು. ಕುಡಿದ ಅಂತ ಮೊದಲು ಬಾಯಿಬಿಟ್ಟವಳು ಅವನ ಹೆಂಡತಿ ಮುದ್ದಮ್ಮ. ಬಾಯಿಂದ ಬಿದ್ದ ಮಾತು ಊರೆಲ್ಲ ತಿರುಗುತ್ತದೆ, ಅದನ್ನು ಹಿಂದಕ್ಕೆ ಕರೆಯೋದು ಎಷ್ಟು ಕಷ್ಟ ಅನ್ನೋದು ಅವಳಿಗೆ ಆಮೇಲೆ ಗೊತ್ತಾಯಿತು.

ತೊಂಬತ್ತೆಂಟನೇ ಇಸವಿ. ಕಾಲುವೆ ಬಯಲಿನ ಭತ್ತಕ್ಕೆಲ್ಲ ಜಿಗಿಹುಳ ಬಿದ್ದಿತ್ತು. ಜಿಗಿಹುಳ ಬಿದ್ದರೆ ಕೇರಿಗೆ ಕೂಗು ಬರುತ್ತದೆ. ಬೇರೆ ಕೆಲಸಕ್ಕೆ ಯಾರನ್ನಾದರೂ ಕರೆಯುತ್ತಾರೆ, ಔಷಧಿ ಹೊಡೆಯೋಕೆ ಮಾತ್ರ ಕೇರಿಯವರೇ ಆಗಬೇಕು. ಯಜಮಾನರ ಮನೆಯವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ದೂರದ ಬದುವಿನ ಮೇಲೆ ನಿಂತು, "ಅಲ್ ಬುಟ್ಟೋಯ್ತು ನೋಡ್ಲಾ, ಅಲ್ಲಿ" ಅಂತ ಬೆರಳು ತೋರಿಸುತ್ತಾರೆ. ಅವರ ಮೂಗು ಮೂಗು, ಇವನ ಮೂಗು ಮೂಗಲ್ಲ.

ಬೆಟ್ಟಯ್ಯ ಬಕೆಟ್ಟಿನ ನೀರಿಗೆ ಔಷಧಿ ಬಗ್ಗಿಸಿ ಮೊಣಕೈವರೆಗೂ ಕೈಬಿಟ್ಟು ಕಲಸುತ್ತಿದ್ದ. ಕಡ್ಡಿಯಲ್ಲಿ ತಿರುವಿದರೆ ಸರಿಯಾಗಿ ಬೆರೆಯಲ್ಲ ಅಂತ ಹೇಳಿಕೊಟ್ಟವರು ಚಿಕ್ಕಬಸಪ್ಪನವರೇ. ಟ್ಯಾಂಕು ಹಳೇದು. ತಳದ ವಾಷರ್ ಹೋಗಿ ಕಾಲವಾಗಿತ್ತು. ಹೆಜ್ಜೆ ಹೆಜ್ಜೆಗೂ ಸೋರೋದು. ಬೆನ್ನಿಂದ ಇಳಿದು, ಚಡ್ಡಿ ನೆನೆದು, ಕಾಲಿನುದ್ದಕ್ಕೂ ಹರಿಯೋದು. ಬೆಟ್ಟಯ್ಯ ಹೇಳದೆ ಇರಲಿಲ್ಲ. ಹೇಳಿದಾಗಲೆಲ್ಲ ಚಿಕ್ಕಬಸಪ್ಪನವರು, "ಔಷ್ದಿ ಇರಾದು ಉಳ ಸಾಯಕ್ಕೆ ಕಣ್ಲಾ, ಮನುಷ್ರು ಸಾಯಕ್ಕಲ್ಲ" ಅಂತ ನಗೋರು. ನಕ್ಕ ಮೇಲೆ ಮಾತು ಮುಗಿದ ಹಾಗೆ.

ಅದಕ್ಕೆ ಮುದ್ದಮ್ಮ ತಾನೇ ಒಂದು ದಾರಿ ಹುಡುಕಿದಳು. ತನ್ನ ಹಳೇ ಹಸಿರು ಸೀರೇನ ಮಡಿಚಿ ಮಡಿಚಿ ದಪ್ಪ ಮಾಡಿ, ಕೂಸು ಕಟ್ಟಿದ ಹಾಗೆ ಗಂಡನ ಬೆನ್ನಿಗೆ ಕಟ್ಟಿದಳು. ಟ್ಯಾಂಕು ಒತ್ತಬಾರದು, ಸೋರಿದ್ದನ್ನ ಸೀರೆ ಹೀರಿಕೊಳ್ಳಲಿ ಅಂತ. ಸೀರೆ ಹೀರಿಕೊಂಡಿತು. ಹೀರಿಕೊಂಡು ಬೆನ್ನಿಗೆ ಅಂಟಿಕೊಂಡಿತು. "ತಣ್ಣಗದೆ ಕಣೇ" ಅಂದ ಬೆಟ್ಟಯ್ಯ. ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಆವತ್ತು ಮಂಗಳವಾರ. ಪಕ್ಕದ ಗದ್ದೆಯಲ್ಲಿ ಮುದ್ದಮ್ಮ ಕಳೆ ಕೀಳುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಬೆಟ್ಟಯ್ಯನ ನಡಿಗೆ ಕೆಟ್ಟಿತು. ಕುಡುಕನ ಹಾಗೆ ಬದು ತಪ್ಪಿ ಪೈರಿನೊಳಗೆ ಕಾಲಿಟ್ಟ. "ಪೈರು ತುಳೀತಾವ್ನೆ ನೋಡ್ರೋ" ಅಂತ ಬದುವಿನಿಂದ ಯಾರೋ ಕೂಗಿದರು. ಆಮೇಲೆ ಟ್ಯಾಂಕಿನ ಸಮೇತ ಮುಖ ಅಡಿಯಾಗಿ ಬಿದ್ದ. ಮುದ್ದಮ್ಮ ಓಡಿಬಂದು ತಿರುಗಿಸಿದಳು. ಬಾಯಲ್ಲಿ ಜೊಲ್ಲು, ಮೂಗಲ್ಲಿ ನೀರು, ಮೈಯೆಲ್ಲ ಬೆವರು. ಚಡ್ಡಿಯಲ್ಲೇ ಎಲ್ಲ ಆಗಿಹೋಗಿತ್ತು. ತೊಡೆಯ ಮಾಂಸ ಚರ್ಮದ ಒಳಗೇ ಕುಣಿಯುತ್ತಿತ್ತು. ಜೊತೆಯ ಹೆಂಗಸರು ಅವನ ಕೈಗೆ ಕುಡುಗೋಲು ಹಿಡಿಸಿದರು, ಕಬ್ಬಿಣ ಹಿಡಿಸಿದರೆ ಸೆಳವು ಬಿಡುತ್ತದೆ ಅಂತ. ಕುಡುಗೋಲು ಕೈಯಿಂದ ಜಾರಿ ಕೆಸರಿಗೆ ಬಿತ್ತು.

ಚಿಕ್ಕಬಸಪ್ಪನವರ ಜೀಪು ಕಣದಲ್ಲೇ ನಿಂತಿತ್ತು. ಅದಕ್ಕೆ ಹೊಸದಾಗಿ ಸೀಟು ಹೊಲಿಸಿದ್ದರು. ಬೆಟ್ಟಯ್ಯನನ್ನ ಹಾಕಿದ್ದು ಟ್ರ್ಯಾಕ್ಟರಿನ ಟ್ರೈಲರಿಗೆ, ಗೊಬ್ಬರ ಹೊತ್ತು ಬಂದಿದ್ದ ಟ್ರೈಲರಿಗೆ. ಹಲಗೆ ಮೇಲೆ ತಲೆ ಲೊಟಲೊಟ ಬಡಿಯುತ್ತಿತ್ತು. ಕೇರಿಯಲ್ಲಿ ಒಂದು ನಡಾವಳಿ ಇದೆ. ತಲೆಗೆ ಏನೂ ಇಲ್ಲದೆ ಬರಿ ಹಲಗೆ ಮೇಲೆ ಮಲಗಿಸೋದು ಹೆಣಾನ. ಜೀವ ಇರುವವನ ತಲೆ ಕೆಳಗೆ ಒಂದು ಚಿಂದಿಯಾದರೂ ಇರಬೇಕು. ಮುದ್ದಮ್ಮ ಅವನ ಬೆನ್ನಿಂದ ಸೀರೆ ಬಿಚ್ಚಿ, ಸುತ್ತಿ, ತಲೆಯಡಿಗೆ ಕೊಟ್ಟಳು. ಬೇರೆ ಬಟ್ಟೆ ಅವಳ ಹತ್ತಿರ ಏನಿತ್ತು?

ಚಿಕ್ಕಬಸಪ್ಪನವರು ಟ್ರೈಲರಿನ ಮೂಲೆಯಲ್ಲಿ ಪಂಚೆ ಎತ್ತಿಕಟ್ಟಿ ಕೂತಿದ್ದರು. ಹಿಂದಿನ ವರ್ಷ ಆಚೆ ಊರಲ್ಲಿ ಒಬ್ಬ ಔಷಧಿ ಹೊಡೆಯುತ್ತಾ ಸತ್ತಿದ್ದ. ದಲಿತ ಸಂಘದವರು ಹೆಣ ತಂದು ತಾಲ್ಲೂಕು ಕಚೇರಿ ಮುಂದೆ ಇಟ್ಟಿದ್ದರು, ಗದ್ದೆ ಯಜಮಾನನ ಮೇಲೆ ಕೇಸಾಗಿತ್ತು. ಅದು ಚಿಕ್ಕಬಸಪ್ಪನವರ ತಲೆಯಲ್ಲಿ ಕೊರೆಯುತ್ತಿತ್ತು. ಅವರು ಮೆಲ್ಲಗೆ ಮಾತು ತೆಗೆದರು.

"ಮುದ್ದಮ್ಮ, ಆಸ್ಪತ್ರೇಲಿ ಕೇಳ್ತಾರೆ. ಕುಡ್ದ ಅಂತ ಏಳು."

"ಕುಡೀನಿಲ್ವಲ್ಲ ಬುದ್ಧಿ."

"ನಂಗ್ ಗೊತ್ತಿಲ್ವಾ. ಮೈಗೆ ಸೋಕ್ತು ಅಂದ್ರೆ, ಓಗ್ ಸೋಪಾಕ್ಕೊಂಡ್ ಮೈ ತೊಳ್ಕೊ ಅಂತ ಮೂಲೇಲಿ ಮನಿಗಸ್ತಾರೆ. ಕುಡ್ದ ಅಂದ್ರೆ ಕೈಲಿರೋ ಕೆಲ್ಸ ಬುಟ್ಟು ಓಡ್ಬತ್ತಾರೆ. ನಿನ್ ಗಂಡ ಬದುಕ್ಬೇಕೋ ಬ್ಯಾಡ್ವೋ?"

ಅವರು ದನಿ ಇನ್ನೊಂಚೂರು ಇಳಿಸಿದರು. "ನಾಳೆ ದಿನ ನಮ್ ಗದ್ದೆಗೆ ನೀವ್ ಕಾಲಿಡ್ಬೇಕು ತಾನೆ? ನೋಡ್ಕೊ."

ಈ ಎರಡು ಮಾತಿನಲ್ಲಿ ಯಾವುದು ತನ್ನ ನಾಲಿಗೆ ತಿರುಗಿಸಿತು ಅಂತ ಮುದ್ದಮ್ಮ ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಗಂಡ ಬದುಕಲಿ ಅಂತ ಹೇಳಿದೆ ಅಂದುಕೊಂಡರೆ ಸಮಾಧಾನ. ಆದರೆ ಅಷ್ಟೇ ಅಲ್ಲ ಅಂತ ಅವಳಿಗೇ ಗೊತ್ತಿತ್ತು. ಹೆದರಿದ್ದಳು. ಹೆದರಿ ಹೆದರಿ ಅಭ್ಯಾಸವಾದವಳಿಗೆ ಯಾವುದು ಹೆದರಿಕೆ, ಯಾವುದು ಪ್ರೀತಿ ಅಂತ ಬಿಡಿಸೋದು ಸುಲಭವಲ್ಲ.

ನರಸೀಪುರದಲ್ಲಿ ಸಂತೆಮಾಳದ ಹಿಂದೆ ಒಂದು ಧರ್ಮದಾಸ್ಪತ್ರೆ ಇತ್ತು. ಸುತ್ತಲ ಊರಿನ ಉಳ್ಳವರು ಸೇರಿ ಕಟ್ಟಿಸಿದ್ದು. ಮಂಚ, ಬೆಂಚು, ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ಕೊಟ್ಟವರ ಹೆಸರು. ಬೆಟ್ಟಯ್ಯನನ್ನ ಮಲಗಿಸಿದ ಜಾಗದ ಮೇಲೆ ತಿರುಗುತ್ತಿದ್ದ ಫ್ಯಾನು ಚಿಕ್ಕಬಸಪ್ಪನವರದ್ದೇ. ತಲೆದಿಂಬಿಗೆ ಮಾತ್ರ ಯಾರೂ ಹೆಸರು ಬರೆಸಿರಲಿಲ್ಲ. ಹಾಗಾಗಿ ತಲೆದಿಂಬು ಇರಲಿಲ್ಲ.

ಮಂಗಳವಾರ ಅಲ್ಲಿ ಆಪರೇಷನ್ ದಿನ. ಆಪರೇಷನ್ನಿಗೆ ಮುಂಚೆ ಮಂಪರು ಕೊಡುವ ಡಾಕ್ಟರು ನಂದಿತಾ ಮೈಸೂರಿಂದ ಬರೋರು. ದೊಡ್ಡ ಡಾಕ್ಟರು ಕೆಲಸ ಮುಗಿಸಿ ಊಟಕ್ಕೆ ಹೋಗಿದ್ದರು. ನಂದಿತಾ ಬಸ್ಸಿಗೆ ಹೊರಡೋಕೆ ಬ್ಯಾಗು ಹೆಗಲಿಗೆ ಹಾಕಿದ್ದವರು, ಬೆಟ್ಟಯ್ಯನನ್ನ ನೋಡಿ ಬ್ಯಾಗು ಅಲ್ಲೇ ಬಿಸಾಕಿದರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಕಣ್ಣಪಾಪೆ ಸಾಸಿವೆಗಿಂತ ಚಿಕ್ಕದಾಗಿತ್ತು.

"ಏನಾಯ್ತಮ್ಮ? ಔಷಧಿ ಕುಡಿದ್ರಾ, ಹೊಡೀತಾ ಇದ್ರಾ?"

ಇಷ್ಟು ಸರಿಯಾಗಿ ಕೇಳುತ್ತಾರೆ ಅಂತ ಮುದ್ದಮ್ಮ ಅಂದುಕೊಂಡಿರಲಿಲ್ಲ. ಎರಡೂ ಬಾಗಿಲು ತೆಗೆದಿಟ್ಟು ಕೇಳಿದ ಹಾಗೆ ಇತ್ತು. ಹಿಂದೆ ಚಿಕ್ಕಬಸಪ್ಪನವರು ಗಂಟಲು ಸರಿಮಾಡಿಕೊಂಡರು.

"ಕುಡ್ದ" ಅಂದಳು.

"ಎಷ್ಟು?"

"ಬಾಟ್ಲೀಲಿ ನಾಕಾಣೆ ಭಾಗ."

ಚಿಕ್ಕಬಸಪ್ಪನವರು ಮುಂದೆ ಬಂದರು. "ಗಂಡ ಎಂಡ್ತಿ ಜಗಳ ತಾಯಿ. ನಮ್ ಔಷ್ದೀನೇ ಕದ್ದು ಕುಡ್ದವ್ನೆ. ಏನ್ ಮಾಡದು, ಮನುಷ್ಯತ್ವ ಬುಡಕ್ಕಾಯ್ತದಾ, ಕರ್ಕೊಂಡ್ಬಂದೆ. ನೀವ್ ಯಾವೂರೋರು? ನಮ್ಮೋರಂಗೆ ಕಾಣ್ತೀರಿ."

"ಹೊರಗಡೆ ಇರಿ" ಅಂದರು ನಂದಿತಾ.

ಕುಡಿದವನಿಗೆ ಏನು ಮಾಡಬೇಕೋ ಅದನ್ನ ಮಾಡಿದರು. ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆ ತೊಳೆದರು. ಸೂಜಿ ಮೇಲೆ ಸೂಜಿ ಚುಚ್ಚಿದರು. ಅಟೆಂಡರ್ ಮಂಟೇಸ್ವಾಮಿ ಚಡ್ಡಿ ಬಿಚ್ಚಿ ಬಿಸಾಕಿ, ಗಲೀಜು ಒರೆಸಿ, ಮೇಲೊಂದು ದುಪ್ಪಟಿ ಹೊದಿಸಿದ. ಬನಿಯನ್ನು ಮೈಗೆ ಅಂಟಿಕೊಂಡೇ ಇತ್ತು. ಕುಡಿದವನ ಬನಿಯನ್ನು ಯಾರು ಯಾಕೆ ನೋಡುತ್ತಾರೆ? ಔಷಧಿ ವಾಸನೆ ಕೋಣೆ ತುಂಬ ಇತ್ತು. ಹೊಟ್ಟೆಯದು ಅಂತ ಎಲ್ಲರೂ ಅಂದುಕೊಂಡರು.

ಸೆಳವು ನಿಲ್ಲಲಿಲ್ಲ. ಒಂದು ಬಿಟ್ಟು ಇನ್ನೊಂದು ಹಿಡಿಯೋದು. ಮೈ ಬಿಲ್ಲಿನ ಹಾಗೆ ಬಾಗೋದು, ಹಲ್ಲು ಕಟಕಟ ಅನ್ನೋದು. ಮಂಚ ಅಲುಗಿ ಅಲುಗಿ ಗೋಡೆಯಿಂದ ಈಚೆಗೆ ಬಂದುಬಿಟ್ಟಿತ್ತು. ನಂದಿತಾ ಮುದ್ದಮ್ಮನ ಮುಂದೆ ಬಂದು ನಿಂತರು.

"ನೋಡಮ್ಮ, ಸೆಳವು ಸೂಜಿಗೆ ಜಗ್ಗ್ತಾ ಇಲ್ಲ. ಹಿಂಗೇ ಬಿಟ್ರೆ ಮಿದುಳು ಬೆಂದುಹೋಗುತ್ತೆ. ಜೀವ ಉಳಿದ್ರೂ ನಿನ್ನ ಗುರುತು ಹಿಡಿಯಲ್ಲ. ಆಪರೇಷನ್ನಿಗೆ ಮೂಗಿಗೆ ಹಿಡಿಯೋ ಗ್ಯಾಸ್ ಇದೆ. ಅದನ್ನ ಉಸಿರಲ್ಲಿ ಕೊಟ್ಟು ಮಲಗಿಸ್ತೀನಿ. ಅದು ವಿಷ ತೆಗೆಯಲ್ಲ, ತಿಳ್ಕೊ. ತಲೆ ಒಳಗಿನ ಕುದಿತ ನಿಲ್ಲಿಸುತ್ತೆ, ಅಷ್ಟೇ. ವಿಷ ಇಳಿಯೋವರೆಗೂ ಮಿದುಳನ್ನ ಕಾಯುತ್ತೆ. ಈ ವಿಷಕ್ಕೆ ಗ್ಯಾಸ್ ಕೊಟ್ಟಿದ್ದನ್ನ ನಾನೂ ನೋಡಿಲ್ಲ. ಬೇರೆ ದಾರಿ ಕಾಣ್ತಿಲ್ಲ."

"ಏನಾರ ಮಾಡಿ ಡಾಕ್ಟ್ರಮ್ಮ."

ಆಪರೇಷನ್ ಕೋಣೆಗೆ ಸಾಗಿಸಿದರು. ಗಂಟಲಿಗೆ ಕೊಳವೆ ಇಳಿಸಬೇಕು, ತಲೆ ಒಂಚೂರು ಎತ್ತರ ಬೇಕು. "ತಲೆ ಕೆಳಗೆ ಏನಾದ್ರೂ ಕೊಡಿ" ಅಂದರು ನಂದಿತಾ. ಮಂಟೇಸ್ವಾಮಿ ಅತ್ತಿತ್ತ ನೋಡಿದ. ಮುದ್ದಮ್ಮ ಬಾಗಿಲಲ್ಲೇ ಟ್ರೈಲರಿಂದ ತಂದ ಸೀರೆ ಸುರುಳಿ ಕಂಕುಳಲ್ಲಿ ಹಿಡಿದು ನಿಂತಿದ್ದಳು. ಕೈ ನೀಡಿ ಕೊಟ್ಟಳು. ತನ್ನದೇನೋ ಒಂದು ಅವನ ಜೊತೆ ಒಳಗೆ ಹೋಯಿತಲ್ಲ ಅಂತ ಸಮಾಧಾನಪಟ್ಟಳು.

ಗ್ಯಾಸು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಬೆಟ್ಟಯ್ಯ ಸುಮ್ಮನಾದ. ಬಾಗಿದ್ದ ಬೆನ್ನು ಮೆಲ್ಲಗೆ ಕೆಳಗಿಳಿಯಿತು. ಮುಷ್ಟಿ ಬಿಚ್ಚಿಕೊಂಡಿತು. ಆದರೆ ತಾನಾಗಿ ಉಸಿರಾಡುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಕಪ್ಪು ರಬ್ಬರಿನ ಚೀಲವೊಂದನ್ನ ಒತ್ತಿ ಒತ್ತಿ ಉಸಿರು ಕೊಡಬೇಕು. ಮೊದಲು ಮಂಟೇಸ್ವಾಮಿ ಒತ್ತಿದ. ಅವನನ್ನ ಔಷಧಿ ಅಂಗಡಿಗೆ ಓಡಿಸಬೇಕಾಯಿತು. ಸಿಸ್ಟರ್ ಒಬ್ಬಳೇ, ಅವಳಿಗೆ ಸೂಜಿಯ ಕೆಲಸ. ನಂದಿತಾ ಬಾಗಿಲ ಕಡೆ ನೋಡಿ, "ಬಾಮ್ಮ ಒಳಗೆ, ಕೈ ತೊಳ್ಕೊಂಡು ಬಾ" ಅಂದರು.

"ನಾನು ಒಳಿಕ್ ಬರಬೌದಾ?"

"ಉಸಿರು ಒತ್ತೋಕೆ ಕೈ ಬೇಕು. ಬಾ."

ಒತ್ತು, ಬಿಡು. ಒತ್ತು, ಬಿಡು. ನಾಟಿ ಹಾಕಿದ ಕೈ, ಕಳೆ ಕಿತ್ತ ಕೈ, ಲಯ ಬೇಗ ಹಿಡಿಯಿತು. ಅವಳು ಒತ್ತಿದರೆ ಗಂಡನ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನ ಜೀವ ಅವಳ ಅಂಗೈಯಲ್ಲಿ ಇಷ್ಟು ನೇರವಾಗಿ ಕೂತಿದ್ದು ಇದೇ ಮೊದಲು. ಮುಂಗೈ ನೋಯತೊಡಗಿತು, ಹೆಬ್ಬೆರಳು ಮರಗಟ್ಟಿತು. ನೋಯಲಿ ಅನ್ನಿಸಿತು ಅವಳಿಗೆ. ನೋವಿದ್ದಷ್ಟು ಹೊತ್ತು ಆ ಒಂದು ಮಾತು ನೆನಪಾಗುತ್ತಿರಲಿಲ್ಲ.

ಮಶೀನಿನ ಮೇಲೆ ಗ್ಯಾಸಿನ ಔಷಧಿ ಹಾಕುವ ಡಬ್ಬಿ ಇತ್ತು. ಅದಕ್ಕೊಂದು ಬೆರಳಗಲದ ಗಾಜು. ಒಳಗೆ ಔಷಧಿ ಎಲ್ಲಿಯವರೆಗಿದೆ ಅನ್ನೋದು ಹೊರಗೇ ಕಾಣುತ್ತಿತ್ತು. ನಂದಿತಾ ಆಗಾಗ ಅದನ್ನ ನೋಡೋರು. "ಇರೋದು ಇಷ್ಟೇ" ಅಂದರು ಸಿಸ್ಟರಿಗೆ. "ಬೆಳಗ್ಗೆಯಿಂದ ಆಪರೇಷನ್ನಿಗೆ ಖರ್ಚಾಗಿದೆ. ಮೈಸೂರಿಗೆ ಫೋನ್ ಮಾಡಿದೀನಿ. ಬಾಟ್ಲಿ ಬರೋದು ಯಾವ ಬಸ್ಸಿಗೋ. ಇದು ಮುಗಿಯೋದ್ರೊಳಗೆ ಸೆಳವು ನಿಂತಿರಬೇಕು."

ಮುದ್ದಮ್ಮ ಅಲ್ಲಿಂದ ಕಣ್ಣು ಕೀಳಲಿಲ್ಲ.

ನಂದಿತಾ ಗುಬುಟು ತಿರುಗಿಸಿ ಗ್ಯಾಸು ತಗ್ಗಿಸಿದರು. ಬೆಟ್ಟಯ್ಯನ ರೆಪ್ಪೆ ಅದುರಿತು. ಆಮೇಲೆ ದವಡೆ. ಆಮೇಲೆ ಭುಜ. ಮತ್ತೆ ಜಾಸ್ತಿ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ತಗ್ಗಿಸಿದರು, ಮತ್ತೆ ರೆಪ್ಪೆ, ಮತ್ತೆ ದವಡೆ. ಗಾಜಿನೊಳಗಿನ ಔಷಧಿ ತಳಕ್ಕೆ ಹತ್ತಿರವಾಗುತ್ತಿತ್ತು. ನಂದಿತಾ ಸೊಂಟದ ಮೇಲೆ ಕೈಯಿಟ್ಟು ನಿಂತು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

"ಹೊಟ್ಟೆ ತೊಳೆದಾಯ್ತು. ನೀರು ತಿಳಿಯಾಗಿ ಬಂತು. ಇನ್ನೂ ಎಲ್ಲಿಂದ ಸೇರ್ತಾ ಇದೆ ಇವನಿಗೆ ವಿಷ?"

ಮುದ್ದಮ್ಮನ ಚೀಲ ಒತ್ತುವ ಕೈ ಒಂದು ಸಲ ತಪ್ಪಿತು. "ಒತ್ತಮ್ಮ" ಅಂದರು ನಂದಿತಾ. ಒತ್ತಿದಳು. ಡಾಕ್ಟ್ರಮ್ಮ ಇಲ್ಲದ ಕಡೆ ವಿಷ ಹುಡುಕುತ್ತಿದ್ದಾರೆ. ಅಲ್ಲಿಗೆ ಕೈತೋರಿಸಿ ಕಳಿಸಿದವಳು ತಾನು. ಬಾಗಿಲ ಹೊರಗೆ ಬೆಂಚಿನ ಮೇಲೆ ಚಿಕ್ಕಬಸಪ್ಪನವರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅವರ ಚಪ್ಪಲಿ ಮಾತ್ರ ಅವಳಿಗೆ ಕಾಣುತ್ತಿತ್ತು. ಆ ಚಪ್ಪಲಿ ನೋಡಿದಳು, ಗಾಜು ನೋಡಿದಳು.

"ಡಾಕ್ಟ್ರಮ್ಮ."

"ಏನು?"

"ಅವ್ನು ಕುಡೀನಿಲ್ಲ."

ನಂದಿತಾ ತಿರುಗಿದರು.

"ಒಡೀತಿದ್ದ. ಟ್ಯಾಂಕು ಸೋರ್ತಿತ್ತು. ಬೆಳಗ್ಗಿಂದ ಮೈಮೇಲೇ ಉಯ್ಕೊಂಡವ್ನೆ. ನಾ ಸುಳ್ಳೇಳ್ದೆ." ಮಾತಾಡುತ್ತಾ ಆಡುತ್ತಾ ಅವಳು ಚೀಲ ಒತ್ತೋದು ನಿಲ್ಲಿಸಲಿಲ್ಲ.

ನಂದಿತಾ ಬೈಯಲಿಲ್ಲ. ದುಪ್ಪಟಿ ಎಳೆದು ಬಿಸಾಕಿದರು. ಬೆಟ್ಟಯ್ಯನ ಹೆಗಲು ಹಿಡಿದು ಮಗ್ಗುಲಾಗಿಸಿದರು. ಬನಿಯನ್ನು ಬೆನ್ನಿಗೆ ಮೆತ್ತಿಕೊಂಡು ಹಳದಿಯಾಗಿತ್ತು. ಕತ್ತರಿಯಲ್ಲಿ ಸೀಳಿ ಕಿತ್ತರು. ಆಮೇಲೆ ಅವರ ಕೈ ತಲೆಯಡಿಗೆ ಹೋಯಿತು. ಸುರುಳಿ ಈಚೆಗೆ ಎಳೆದು ಮೂಗಿನ ಹತ್ತಿರ ತಂದವರು ಮುಖ ಹಿಂದಕ್ಕೆ ತೆಗೆದುಕೊಂಡರು.

"ಇದೇನಿದು?"

"ನನ್ ಸೀರೆ. ಟ್ಯಾಂಕ್ ಅಡೀಕೆ ಕಟ್ಟಿದ್ದು."

ನಂದಿತಾ ಆ ಸೀರೆಯನ್ನ ದೂರಕ್ಕೆ ನೆಲದ ಮೇಲೆ ಬಿಸಾಕಿದರು. "ತಲೆ ಕೆಳಗೆ ಕೊಡಿ ಅಂದವಳು ನಾನೇ" ಅಂದರು. ಆಮೇಲೆ, "ವಾಸನೆ ಬರ್ತಾನೇ ಇತ್ತು. ಬಟ್ಟೆ ಬಿಚ್ಚಿ ನೋಡಬೇಕಿತ್ತು. ನಿನ್ನ ಒಂದು ಮಾತು ನಂಬಿಕೊಂಡು ಕೂತೆ" ಅಂದರು. ಕೋಪದಲ್ಲಿ ಹೇಳಿದ್ದರೆ ಮುದ್ದಮ್ಮ ತಡೆದುಕೊಳ್ಳುತ್ತಿದ್ದಳು. ಅವರು ತಮ್ಮನ್ನೇ ಬೈದುಕೊಂಡ ಹಾಗೆ ಹೇಳಿದರು.

ಚೀಲ ಸಿಸ್ಟರ್ ಕೈಗೆ ಹೋಯಿತು. ಅಷ್ಟರಲ್ಲಿ ವಾಪಸ್ ಬಂದ ಮಂಟೇಸ್ವಾಮಿ ಬಕೆಟ್ಟಿನಲ್ಲಿ ನೀರು ತಂದ. ನಂದಿತಾ ಇಬ್ಬರ ಕೈಗೂ ರಬ್ಬರಿನ ಕೈಗವಸು ಹಾಕಿಸಿದರು. ಮುದ್ದಮ್ಮನಿಗೆ ಅದನ್ನ ಹಾಕಿಕೊಳ್ಳೋಕೆ ಬರಲಿಲ್ಲ, ಬೆರಳು ಸಿಕ್ಕಿಕೊಂಡವು. ಇಂಥ ಒಂದು ಜೊತೆ ಗದ್ದೆಯಲ್ಲಿ ಇದ್ದಿದ್ದರೆ ಅನ್ನಿಸಿತು. ತಲೆಗೂದಲು ಕತ್ತರಿಸಿದರು. ಬೆನ್ನು, ಕಂಕುಳು, ತೊಡೆಸಂದು, ಉಗುರಿನ ಸಂದು, ಕಿವಿಯ ಹಿಂದೆ, ಸೋಪು ಹಾಕಿ ತಿಕ್ಕಿದಳು. ಆಪರೇಷನ್ ಕೋಣೆಯ ಬಿಳೀ ನೆಲದ ಮೇಲೆ ನೊರೆ ಹರಿಯಿತು. ಹೆಣ ತೊಳೆಯುವಾಗಲೂ ಇಷ್ಟು ತೊಳೆಯೋದಿಲ್ಲ. ನೀರಿನ ಜೊತೆ ತನ್ನ ಮಾತೂ ತೊಳೆದುಹೋಗಲಿ ಅಂತ ಅವಳು ತಿಕ್ಕುತ್ತಿದ್ದಳೋ ಏನೋ.

"ಆ ಸೀರೆ ಸುಟ್ಟಾಕು" ಅಂದರು ನಂದಿತಾ, ಮಂಟೇಸ್ವಾಮಿಗೆ.

"ನಾ ಸುಡ್ತೀನಿ ಬುಡಣ್ಣ" ಅಂತ ಮುದ್ದಮ್ಮ ಅದನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಟ್ಟಿ, ಪಾಯಿಖಾನೆ ಹಿಂದಿನ ಗೋಡೆ ಸಂದಿಗೆ ಇಟ್ಟಳು. ಸುಡಲಿಲ್ಲ. ಯಾಕೆ ಅಂತ ಆಗ ಅವಳಿಗೂ ತಿಳಿಯದು. ಮಾಡಿದ್ದು ಬೂದಿಯಾಗಿ ಹೋಗೋದು ಅವಳಿಗೆ ಬೇಡವಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನಂದಿತಾ ಮತ್ತೆ ಗ್ಯಾಸು ತಗ್ಗಿಸಿದರು. ಎಲ್ಲರೂ ರೆಪ್ಪೆ ನೋಡಿದರು. ಅದುರಲಿಲ್ಲ. ಇನ್ನೂ ತಗ್ಗಿಸಿದರು. ದವಡೆ ಸುಮ್ಮನಿತ್ತು. ಗಾಜಿನ ತಳದಲ್ಲಿ ಒಂದು ಗೆರೆಯಷ್ಟು ಔಷಧಿ ಉಳಿದಿತ್ತು. ಗುಬುಟು ಪೂರ್ತಿ ತಿರುಗಿಸಿ, ನಂದಿತಾ ಸ್ಟೂಲಿನ ಮೇಲೆ ಕುಸಿದು ಕೂತರು. ಇನ್ನೂ ಉಸಿರು ಒತ್ತಬೇಕಿತ್ತು, ಸೂಜಿ ಕೊಡಬೇಕಿತ್ತು. ಆದರೆ ತಲೆಯೊಳಗಿನ ಕುದಿತ ನಿಂತಿತ್ತು.

ಮುದ್ದಮ್ಮ ಅವರ ಕಾಲ ಹತ್ತಿರ ಕೂತಳು. "ಡಾಕ್ಟ್ರಮ್ಮ, ನಾ ಏಳಿದ್ದ ಒರಗೆ ಏಳ್ಬ್ಯಾಡಿ. ಅವ್ರು ನಮ್ಮುನ್ನ ಬಾಳ್ಸಾಕಿಲ್ಲ."

ನಂದಿತಾ ರೋಗಿಯ ಚೀಟಿ ಎಳೆದುಕೊಂಡರು. "ನಾನು ಬರೆಯೋದನ್ನ ಬರೀತೀನಿ. ಆದ್ರೆ ಪೊಲೀಸ್ನೋರು ಬರ್ತಾರೆ. ಅವರಿಗೆ ನೀನೇ ಹೇಳಬೇಕು. ಕಂಡವಳು ನೀನು. ಹೇಳದೆ ಇದ್ರೆ ನಿನ್ನ ಗಂಡನ ಮೇಲೆ ಸಾಯೋಕೆ ಹೋದ ಅಂತ ಕೇಸಾಗುತ್ತೆ."

ಪೇದೆ ಮಾರನೇ ದಿನ ಬಂದ. ಮುದ್ದಮ್ಮ ಹೇಳಲಿಲ್ಲ. ಅವಳ ಬಾಯಿಗೆ ಮತ್ತೆ ಹಳೇ ಮಾತೇ ಬಂತು.

ಬೆಟ್ಟಯ್ಯ ಬದುಕಿದ. ಗಂಟಲ ಕೊಳವೆ ತೆಗೆದ ಮೇಲೂ ಕತ್ತು ನಿಲ್ಲುತ್ತಿರಲಿಲ್ಲ, ಕಾಲು ಹತ್ತಿ ಬತ್ತಿಯ ಹಾಗೆ ಮಡಚಿಕೊಳ್ಳುತ್ತಿತ್ತು. ನೆನಪಿತ್ತು. ಹೆಂಡತಿ ಗೊತ್ತಾದಳು, ಊರು ಗೊತ್ತಾಯಿತು. ಆ ಮಂಗಳವಾರ ಮಾತ್ರ ಗೊತ್ತಾಗಲಿಲ್ಲ. ಬೆಳಗ್ಗೆ ಗಂಜಿ ಕುಡಿದು ಗದ್ದೆಗೆ ಹೋಗಿದ್ದು ನೆನಪು, ಆಮೇಲೆ ಕತ್ತಲೆ. ಆ ಕತ್ತಲೆಗೆ ಬಂದವರೆಲ್ಲ ಒಂದೊಂದು ಮಾತು ತುಂಬಿದರು. "ಏನ್ಲಾ ಬೆಟ್ಟಯ್ಯ, ಕುಡಿಯಾಗ ಎಂಡ್ತಿ ನೆಪ್ಪಾಗ್ನಿಲ್ವಾ?" ಅಂತ ಕೇರಿಯವರು. "ಇನ್ನೊಂದ್ಸಲ ಇಂಥ ಕೆಲಸ ಮಾಡ್ಬೇಡ" ಅಂತ ಪಕ್ಕದ ಮಂಚದವರು. ಬೆಟ್ಟಯ್ಯ ಎಲ್ಲವನ್ನೂ ಕೇಳಿಸಿಕೊಂಡ. ಕೇಳಿ ಕೇಳಿ ನಂಬಿದ.

ಒಂದು ಬೆಳಗ್ಗೆ ಮುದ್ದಮ್ಮ ಗಂಜಿ ಕುಡಿಸುವಾಗ ಅವಳ ಕೈ ಹಿಡಿದುಕೊಂಡ. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಮುದ್ದಿ, ನಾನ್ಯಾಕೇ ಕುಡ್ದೆ?"

ಅವಳು ಇನ್ನೊಂದು ಗುಟುಕು ಗಂಜಿ ಅವನ ಬಾಯಿಗೆ ಹಿಡಿದಳು.

"ಎಷ್ಟ್ ಯೋಚ್ನೆ ಮಾಡುದ್ರೂ ಗ್ಯಾನಕ್ಕೇ ಬರಾಕಿಲ್ಲ ಕಣೇ. ನಿನ್ ಮ್ಯಾಲೆ ಕ್ವಾಪ ಮಾಡ್ಕೊಂಡಿದ್ನಾ? ಒಡುದ್ನಾ ನಿಂಗೆ?" ಅವನ ಕಣ್ಣಲ್ಲಿ ನೀರು ತುಂಬಿತ್ತು. "ತಪ್ಪಾಯ್ತು ಕಣೇ. ನಿನ್ನ ಒಂಟಿ ಮಾಡ್ಬುಟ್ಟು ಓಗ್ತಿದ್ದೆ."

"ಗಂಜಿ ಕುಡಿ" ಅಂದಳು ಮುದ್ದಮ್ಮ. ಹೊರಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನಲ್ಲಿ ಅತ್ತಳು. ತಾನು ಕದ್ದಿದ್ದು ಏನು ಅಂತ ಆಗ ಗೊತ್ತಾಯಿತು. ಗ್ಯಾಸು ಕೊಟ್ಟು ಡಾಕ್ಟ್ರಮ್ಮ ಉಳಿಸಿಕೊಟ್ಟ ತಲೆಯೊಳಗೆ ತಾನು ಸುಳ್ಳು ತುಂಬಿದ್ದಳು.

ಆವತ್ತೇ ಹೊತ್ತೇರಿದ ಮೇಲೆ ಚಿಕ್ಕಬಸಪ್ಪನವರು ಬಂದರು. ಬಿಳೀ ಶರಟು, ಹಣೆ ತುಂಬ ವಿಭೂತಿ, ಕೈಯಲ್ಲಿ ಕಿತ್ತಳೆ ಹಣ್ಣು. ಜೊತೆಗೆ ಆ ಪೇದೆ. ರೋಗಿಗೆ ಎಚ್ಚರವಾಗಿದೆ, ಹೇಳಿಕೆ ಆಗಬೇಕು ಅಂತ. ನಂದಿತಾ ಮೈಸೂರಿನಲ್ಲಿದ್ದರು. ವಾರ್ಡಿನಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು. ರೆಕ್ಕೆ ಮೇಲಿನ ಹೆಸರು ಚೆನ್ನಾಗಿ ಕಾಣುತ್ತಿತ್ತು.

"ಎಂಗಿದ್ದೀಯ್ಲಾ?" ಅಂದರು ಚಿಕ್ಕಬಸಪ್ಪನವರು.

ಬೆಟ್ಟಯ್ಯ ಏಳೋಕೆ ನೋಡಿದ, ಆಗಲಿಲ್ಲ. ಮಲಗಿದ್ದಲ್ಲೇ ಎರಡೂ ಕೈ ಜೋಡಿಸಿದ. ಕೈಗಳು ಒಂದಕ್ಕೊಂದು ಸರಿಯಾಗಿ ಸೇರಲಿಲ್ಲ, ನಡುಗಿ ನಡುಗಿ ಸೇರಿದವು.

"ಬುದ್ಧಿ, ತಪ್ಪಾಯ್ತು. ನಿಮ್ ಔಷ್ದಿ ಕದ್ದು ಕುಡ್ದ್ಬುಟ್ಟೆ. ಒಟ್ಟೆಗಾಕ್ಕೊಳಿ."

ಚಿಕ್ಕಬಸಪ್ಪನವರು ಆ ಕೈಗಳನ್ನ ನೋಡಿದರು. ಸತ್ಯ ಗೊತ್ತಿದ್ದ ಮನುಷ್ಯ. ಟ್ಯಾಂಕು ಅವರದ್ದು, ಮಾತೂ ಅವರದ್ದು. ಒಂದು ಕ್ಷಣಕ್ಕಾದರೂ ಅವರ ಮುಖ ಬಾಡಬಹುದು ಅಂತ ಮುದ್ದಮ್ಮ ಕಾದಳು. ಅವರು ಕಿತ್ತಳೆ ಹಣ್ಣು ಮಂಚದ ಮೇಲಿಟ್ಟು, "ಓಗ್ಲಿ ಬುಡು. ಇನ್ಮ್ಯಾಕೆ ಬುದ್ಧಿ ಕಲ್ತ್ಕೊ. ಕೇಸ್ ಇಚಾರ ನಾ ಇವ್ರಿಗೆ ಏಳಿ ಸರಿ ಮಾಡುಸ್ತೀನಿ" ಅಂದರು. ಕ್ಷಮಿಸಿಬಿಟ್ಟರು. ಕೇಳಿ, ಅವರು ಕ್ಷಮಿಸಿಬಿಟ್ಟರು.

ಮುದ್ದಮ್ಮ ಎದ್ದು ಹೊರಗೆ ಹೋದಳು. ಮುನಿಸಿಕೊಂಡು ಹೋದಳು ಅಂತ ಯಾರೂ ಗಮನ ಕೊಡಲಿಲ್ಲ. ವಾಪಸ್ ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇತ್ತು. ಅದರ ಬಾಯಿ ಬಿಚ್ಚಿದಳು. ಔಷಧಿ ವಾಸನೆ ಗಪ್ಪಂತ ಹೊಡೆಯಿತು. ಚೀಲವನ್ನ ಚಿಕ್ಕಬಸಪ್ಪನವರ ಎದೆ ಮುಂದೆ ಹಿಡಿದಳು.

"ತಕಳಿ ಬುದ್ಧಿ."

"ಏನಮ್ಮೀ ಅದು?"

"ನಿಮ್ ಟ್ಯಾಂಕು ಸೋರಿದ್ದು ಕುಡ್ದಿರೋ ಸೀರೆ. ಕುಡ್ದಿದ್ದು ಇದು, ನನ್ ಗಂಡ ಅಲ್ಲ. ತಕಳಿ. ಒಂದ್ ಗಳ್ಗೆ ತಲೆ ಅಡೀಕೆ ಇಕ್ಕೊಂಡ್ ಮನಿಕಳಿ. ನಾನು ಇಲ್ಲೇ ನಿಂತಿರ್ತೀನಿ."

ಚಿಕ್ಕಬಸಪ್ಪನವರು ಹಿಂದಕ್ಕೆ ಹಾರಿದರು. ಪಕ್ಕದ ಮಂಚಕ್ಕೆ ಮಂಡಿ ಬಡಿಯಿತು. "ದೂರ ಇಡು, ದೂರ ಇಡು ಅದ್ನ" ಅನ್ನುತ್ತಾ ಕರ್ಚೀಫು ಮೂಗಿಗೆ ಒತ್ತಿಕೊಂಡರು. ವಾರ್ಡಿನವರೆಲ್ಲ ನೋಡುತ್ತಿದ್ದರು.

"ಸೋಕುದ್ರೆ ಏನೂ ಆಗಾಕಿಲ್ಲ, ಸೋಪಾಕ್ಕೊಂಡ್ ತೊಳ್ಕೊಂಡ್ರೆ ಆಯ್ತು ಅಂತಾರೆ ಅಂದಿದ್ರಿ. ಈಗ ಯಾಕೆ ಎಗರ್ತೀರಿ? ಉಳ ಸಾಯಕ್ಕಲ್ವಾ ಇದು, ಮನುಷ್ರಿಗೇನು?"

"ಏನಮ್ಮ ಇದು" ಅಂದ ಪೇದೆ. "ಆವತ್ತೊಂದು ಹೇಳ್ದೆ, ಇವತ್ತೊಂದು ಹೇಳ್ತೀಯ."

"ಆವತ್ತು ಸುಳ್ಳೇಳ್ದೆ ಸಾ. ಇವರು ಏಳ್ಕೊಟ್ರು, ನಾ ಏಳ್ದೆ. ಆ ಸುಳ್ಳಿಂದ ಇವ್ನು ಸಾಯ್ತಿದ್ದ. ಡಾಕ್ಟ್ರಮ್ಮನ್ನ ಕೇಳಿ, ಅವ್ರು ಬರ್ದವ್ರೆ. ಈಗ ನೀವೂ ಬರ್ಕಳಿ. ಸುಳ್ಳೇಳಿದ್ದಕ್ಕೆ ನನ್ನೂ ಇಡ್ಕೊಂಡೋಗಿ. ನಾ ಬತ್ತೀನಿ. ಇವರೂ ಬರ್ಲಿ, ಒಟ್ಗೆ."

"ಕೇರಿಗೆ ಬತ್ತೀಯಲ್ಲ, ನೋಡ್ಕತೀನಿ" ಅಂದರು ಚಿಕ್ಕಬಸಪ್ಪನವರು, ಕರ್ಚೀಫಿನ ಒಳಗಿಂದಲೇ.

"ನೋಡ್ಕಳಿ. ನಿಮ್ ಗದ್ದೆಗೆ ನಾವು ಕಾಲಿಡಾಕಿಲ್ಲ. ನಿಮ್ ಟ್ಯಾಂಕ ನೀವೇ ಒತ್ಕಳಿ."

ಅವರು ಹೋದರು. ಪೇದೆ ಏನು ಬರೆದುಕೊಂಡನೋ, ಎಷ್ಟು ಬರೆದುಕೊಂಡನೋ, ಅದು ಬೇರೆ ಮಾತು. ಚೀಲವನ್ನು ಬಿಗಿದು ಕಟ್ಟಿ ಮಂಟೇಸ್ವಾಮಿ ಪೇದೆಯ ಕೈಗೇ ಕೊಟ್ಟ, ದೂರ ಹಿಡ್ಕೊಂಡು ಹೋಗಿ ಸಾ ಅಂತ. ಮುದ್ದಮ್ಮ ಸೋಪು ಹಾಕಿ ಕೈ ತೊಳೆದು ಬಂದಳು. ಚಿಕ್ಕಬಸಪ್ಪನವರ ಎದುರಿಗೆ ನಿಲ್ಲೋದು ಕಷ್ಟ ಅಂದುಕೊಂಡಿದ್ದಳು. ಕಷ್ಟದ್ದು ಇನ್ನೂ ಬಾಕಿ ಇತ್ತು.

ಬೆಟ್ಟಯ್ಯ ಅವಳನ್ನೇ ನೋಡುತ್ತಿದ್ದ.

"ಅಂಗಾರೆ ನಾ ಕುಡೀನಿಲ್ವೇನೇ?"

"ಇಲ್ಲ."

"ಮತ್ ಕುಡ್ದ ಅಂದೋರ್ಯಾರು, ಮೊದ್ಲು?"

"ನಾನೇ."

ಬೈದಿದ್ದರೆ, ಆ ಬಲವಿಲ್ಲದ ಕೈಯಲ್ಲೇ ಒಂದು ಹೊಡೆದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಫ್ಯಾನಿನ ಕಡೆ ನೋಡಿದ. ನೋಡುತ್ತಾ ನೋಡುತ್ತಾ ಕತ್ತು ಸೋತು ತಲೆ ಒಂದು ಕಡೆಗೆ ವಾಲಿತು. ಆ ಮಂಗಳವಾರದಿಂದ ಅವನ ತಲೆ ಬರಿ ಹಾಸಿಗೆ ಮೇಲೇ ಇತ್ತು. ಅದರ ಕೆಳಗೆ ಏನನ್ನಾದರೂ ಇಡೋಕೆ ಮುದ್ದಮ್ಮನಿಗೆ ಧೈರ್ಯ ಬಂದಿರಲಿಲ್ಲ.

"ತಲೆ ಅಡೀಕೆ ಏನಾರ ಇಕ್ಕು" ಅಂದ.

ಅವಳು ಸುತ್ತ ನೋಡಿದಳು. ಏನೂ ಇರಲಿಲ್ಲ. ಮಂಚದ ತಲೆದೆಸೆಗೆ ಹತ್ತಿ ಕೂತು, ಅವನ ತಲೆಯನ್ನ ಎರಡೂ ಕೈಯಲ್ಲಿ ಎತ್ತಿ ತನ್ನ ತೊಡೆ ಮೇಲೆ ಇಟ್ಟುಕೊಂಡಳು. ಕತ್ತರಿಸಿದ ಕೂದಲು ಅಂಗೈಗೆ ಚುಚ್ಚಿತು. ಅವನು ಬೇಡ ಅನ್ನಲಿಲ್ಲ. ಮುಖವನ್ನ ಮಾತ್ರ ಗೋಡೆ ಕಡೆ ತಿರುಗಿಸಿಕೊಂಡ.